ಒಳಗಿದ್ದದ್ದು ಎಲ್ಲಿ ಹೋಯಿತು? ಹಳೆಯ ತಾಯಿತ, ಕರಡಿಗೆ, ಮುತ್ತುಗಳ ಸಂಗ್ರಹ ಕುರಿತು ಗಡಿಯಾಚೆಯಿಂದ ಒಂದು ವಿಮರ್ಶೆ

(ಗಡಿಯಾಚೆಯ ಕನ್ನಡ ಸಮುದಾಯಗಳನ್ನು ಕುರಿತ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತಿನ ಲಿಖಿತ ರೂಪ. ಪುನರುಕ್ತಿಗಳನ್ನು ತೆಗೆದಿದ್ದೇನೆ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಚರ್ಚೆಯ ಮೂರು ಪ್ರಶ್ನೆಗಳಿವೆ.)

ದನಿ ಸರಿಯಾಗಿ ಕೇಳಿಸ್ತಿದೆಯಲ್ಲ? ನಾನು ಅಕ್ಕಲಕೋಟ ತಾಲೂಕಿನ ನಮ್ಮ ಊರಿನಿಂದಲೇ ಮಾತಾಡ್ತಿದ್ದೇನೆ. ನಡುವೆ ಕರೆಂಟ್ ಹೋದರೆ ಫೋನಿನಿಂದ ಮತ್ತೆ ಸೇರಿಕೊಳ್ತೇನೆ, ದಯವಿಟ್ಟು ಸ್ವಲ್ಪ ಕಾಯಬೇಕು.

ಹಿಂದಿನ ಗೋಷ್ಠಿಗಳಲ್ಲಿ ಶಾಸನ, ಶಾಲೆ, ರಂಗಭೂಮಿ ಇವುಗಳ ಬಗ್ಗೆ ಮಾತು ನಡೆಯಿತು. ನನ್ನ ವಿಷಯ ಅಷ್ಟು ದೊಡ್ಡದಲ್ಲ. ಕೊರಳಿಗೆ, ರಟ್ಟೆಗೆ, ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ವಸ್ತುಗಳು: ತಾಯಿತ, ಕರಡಿಗೆ, ಮುತ್ತು, ಹುಲಿಯುಗುರು, ಕವಡಿ ಸರ. ಇವೆಲ್ಲ ಈಗ ಹಳೆಯ ಒಡವೆ ಸಂಗ್ರಹಿಸುವವರ ಮಾರುಕಟ್ಟೆಗೆ ಬಂದಿವೆ. ಅಲ್ಲಿ ಇವಕ್ಕೆಲ್ಲ ಸೇರಿಸಿ ಇಟ್ಟ ಹೆಸರು ‘ಅದೃಷ್ಟದ ಒಡವೆ’, ‘ಲಕ್ಕಿ ಚಾರ್ಮ್’. ಈ ಸಂಗ್ರಹದ ರೀತಿಯನ್ನು ವಿಮರ್ಶೆಗೆ ಒಡ್ಡುವುದು ನನ್ನ ಉದ್ದೇಶ. ಹೊರಗೆ ನಿಂತು ಹೇಳ್ತಿಲ್ಲ. ಹನ್ನೊಂದು ವರ್ಷದಿಂದ ನಾನೂ ಸಂಗ್ರಹಿಸುತ್ತಿದ್ದೇನೆ, ನನ್ನ ಹತ್ತಿರ 64 ವಸ್ತುಗಳಿವೆ. ಹಾಗಾಗಿ ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡ್ತೇನೆ.

1. ಮೊದಲ ತಾಯಿತ

ಪರದೆಯ ಮೇಲೆ ಕಾಣ್ತಿರುವುದು ಒಂದು ಬೆಳ್ಳಿ ತಾಯಿತ. ಕಿರುಬೆರಳಿಗಿಂತ ಸಣ್ಣ ಕೊಳವೆ, ಎರಡು ತುದಿಗೆ ಮುಚ್ಚಳ, ಮೇಲೆ ಎರಡು ಕೊಂಡಿ. ತೂಕ 9 ಗ್ರಾಂ. ನಮ್ಮ ಆಯಿಯ ಟ್ರಂಕಿನಲ್ಲಿ ಸಿಕ್ಕಿದ್ದು. ಆಯಿ ಅಂದರೆ ನಮ್ಮಲ್ಲಿ ಅಜ್ಜಿ; ಸೊಲ್ಲಾಪುರದ ನನ್ನ ಮರಾಠಿ ಗೆಳತಿಯರಿಗೆ ಆಯಿ ಅಂದರೆ ತಾಯಿ. ಈ ಗೊಂದಲ ನಮಗೆ ಕಾಲೇಜಿನುದ್ದಕ್ಕೂ ಇತ್ತು.

ಆಗ ನಾನು ಎಂ.ಎ. ಓದುತ್ತಿದ್ದೆ. ಹಳೆಯ ಒಡವೆಗಳ ಬಗ್ಗೆ ಆಗಷ್ಟೇ ಹುಚ್ಚು ಹತ್ತಿತ್ತು. ತಾಯಿತ ಕಪ್ಪಗಾಗಿತ್ತು, ಕೊಂಡಿಯಲ್ಲಿ ಜಿಡ್ಡು ಹಿಡಿದ ಕರಿ ದಾರ. ದಾರ ಕತ್ತರಿಸಿ ಒಗೆದೆ. ಒಂದು ಮುಚ್ಚಳ ಅರಗಿನಿಂದ ಮುಚ್ಚಿತ್ತು, ಪಿನ್ನಿನಿಂದ ಕೆರೆದು ತೆಗೆದೆ. ಒಳಗೆ ಪುಡಿಪುಡಿಯಾದ ಕಾಗದ, ಬೂದಿ, ಒಂದು ಬೇರಿನ ತುಂಡು. ಬಚ್ಚಲಲ್ಲಿ ಸುರುವಿ, ಪುಡಿ ಹಾಕಿ ತಿಕ್ಕಿ, ಬೆಳ್ಳಗೆ ಮಾಡಿಕೊಂಡು ಆಯಿಗೆ ತೋರಿಸಿದೆ. ಖುಷಿ ಪಡ್ತಾಳ ಅಂತ ತಿಳಿದಿದ್ದೆ.

ಆಯಿ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

“ಒಳಗಿಂದು ಎಲ್ಲಿ ಒಗದಿ ಯವ್ವಾ?”

“ಕಸ ಇತ್ತು ಆಯಿ. ಚೆಲ್ಲಿದೆ.”

“ಕಸ ಅಲ್ಲ ಅದು,” ಅಂದಳು. ಬೈಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನೇ ಹೇಳಿದಳು. ನಮ್ಮಪ್ಪನಿಗಿಂತ ಮುಂಚೆ ಹುಟ್ಟಿದ ಇಬ್ಬರು ಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದರು. ಅಪ್ಪ ಹುಟ್ಟಿದಾಗ ಆಯಿ ತನ್ನ ಕಾಲಿನ ಬೆಳ್ಳಿ ಮುರಿಸಿ, ಊರಿನ ಪತ್ತಾರನ ಹತ್ತಿರ ಈ ಕೊಳವೆ ಮಾಡಿಸಿದಳು. ಕಲಬುರಗಿಯ ಬಂದೇನವಾಜರ ದರ್ಗಾಕ್ಕೆ ಹೋಗಿ, ಅಲ್ಲಿ ಬರೆಸಿದ ಚೀಟಿಯನ್ನು ಅದರೊಳಗೆ ಹಾಕಿಸಿದಳು. ಬೂದಿ ನಮ್ಮ ಮನೆದೇವರದು. ಬೇರು ಯಾವುದು ಅಂತ ಅವಳಿಗೂ ಮರೆತಿತ್ತು. ಅಪ್ಪ ಏಳು ವರ್ಷದವನಾಗುವ ತನಕ ಅದು ಅವನ ರಟ್ಟೆಯಲ್ಲಿತ್ತು.

ಇಷ್ಟು ಹೊತ್ತಿಗೆ ನನ್ನ ಕೈಯಲ್ಲಿ ಉಳಿದದ್ದು 9 ಗ್ರಾಂ ಬೆಳ್ಳಿ ಮಾತ್ರ. ಸಂಗ್ರಾಹಕರ ಭಾಷೆಯಲ್ಲಿ ಹೇಳುವುದಾದರೆ ವಸ್ತುವಿಗೆ ಯಾವ ಹಾನಿಯೂ ಆಗಿರಲಿಲ್ಲ, ‘ಸ್ಥಿತಿ ಉತ್ತಮ’. ನನ್ನ ವಿಮರ್ಶೆಯ ಮೂಲ ಇಲ್ಲಿದೆ. ಸಂಗ್ರಹದ ಅಳತೆಗೋಲುಗಳು, ಅಂದರೆ ವಯಸ್ಸು, ಲೋಹ, ಕುಸುರಿ, ಸ್ಥಿತಿ ಇವೆಲ್ಲ ಕವಚವನ್ನು ಅಳೆಯುತ್ತವೆ. ಕಟ್ಟಿಕೊಂಡವರಿಗೆ ಬೆಲೆ ಇದ್ದದ್ದು ಒಳಗಿನದಕ್ಕೆ, ದಾರಕ್ಕೆ, ಕೊಟ್ಟವರಿಗೆ. ಈ ಮೂರನ್ನೂ ಕಳೆದುಕೊಂಡ ಮೇಲೆಯೇ ವಸ್ತು ‘ಸಂಗ್ರಹಯೋಗ್ಯ’ ಆಗುತ್ತದೆ. ಗಡಿಭಾಗದಲ್ಲಿ ನಾಲ್ಕನೆಯದೂ ಒಂದು ಕಳೆದುಹೋಗುತ್ತದೆ, ಅದರ ಹೆಸರು.

2. ಅದೃಷ್ಟ ಮತ್ತು ದೃಷ್ಟಿ

ಮೊದಲು ‘ಅದೃಷ್ಟದ ಒಡವೆ’ ಅನ್ನುವ ಹೆಸರನ್ನೇ ನೋಡೋಣ. ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ತಾಯಿತ ಕಟ್ಟಿಸಿಕೊಂಡವರನ್ನು ನಾನು ಕೇಳಿದ್ದೇನೆ. ‘ಅದೃಷ್ಟ ಬರಲಿ ಅಂತ’ ಎಂದು ಹೇಳಿದವರು ಒಬ್ಬರೂ ಸಿಕ್ಕಿಲ್ಲ. ಅವರ ಮಾತು ‘ದೃಷ್ಟಿ ತಾಗ್ಯಾದ’, ‘ನದರ ಆಗ್ಯಾದ’, ‘ಕೂಸು ಬೆಚ್ಚಿ ಬೀಳತಿತ್ತು’. ಸಂಗ್ರಾಹಕರು ಅದೃಷ್ಟ ಅನ್ನುತ್ತಾರೆ, ಕಟ್ಟಿಕೊಂಡವರು ದೃಷ್ಟಿ ಅನ್ನುತ್ತಾರೆ. ಒಂದಕ್ಷರದ ವ್ಯತ್ಯಾಸ, ಅರ್ಥ ಮಾತ್ರ ಪೂರ್ತಿ ತಿರುಗುಮುರುಗು. ಒಂದರಲ್ಲಿ ಇನ್ನಷ್ಟು ಬರಲಿ ಅನ್ನುವ ಆಸೆ ಇದೆ. ಇನ್ನೊಂದರಲ್ಲಿ ಇದ್ದದ್ದು ಉಳಿಯಲಿ ಅನ್ನುವ ಅಂಜಿಕೆ ಇದೆ. ಇಬ್ಬರು ಕೂಸುಗಳನ್ನು ಮಣ್ಣು ಮಾಡಿದ ತಾಯಿ ಮೂರನೆಯದಕ್ಕೆ ಕಟ್ಟಿದ್ದನ್ನು ‘ಲಕ್ಕಿ’ ಅಂತ ಕರೆದರೆ ಅವಳ ಅಂಜಿಕೆಯನ್ನು ಅಳಿಸಿದ ಹಾಗೆ.

ಎರಡನೆಯ ತೊಂದರೆ, ಈ ಹೆಸರು ಬೇರೆ ಬೇರೆ ವಸ್ತುಗಳನ್ನು ಒಂದೇ ಬುಟ್ಟಿಗೆ ಹಾಕುತ್ತದೆ. ಮಾರಾಟಗಾರರ ಪಟ್ಟಿಗಳಲ್ಲಿ ಲಿಂಗಾಯತರ ಬೆಳ್ಳಿ ಕರಡಿಗೆಯನ್ನೂ ‘ರಕ್ಷಾ ಪೆಟ್ಟಿಗೆ’, ‘ಅದೃಷ್ಟದ ಡಬ್ಬಿ’ ಎಂದು ಬರೆದದ್ದನ್ನು ಕಂಡಿದ್ದೇನೆ. ಇದನ್ನು ಆಯಿಗೆ ಹೇಳಿದಾಗ ಅವಳಿಗೆ ನಗು ಬಂತು. “ತಾಯಿತ ಕಟ್ಟೋದು ಅಂಜಿಕಿ ಆಗ್ಯಾದಂತ. ಲಿಂಗ ಕಟ್ಟೋದು ಅಂಜಿಕಿ ಆಗ್ಯಾದಂತಲ್ಲ,” ಅಂದಳು. ಅವಳ ಕೊರಳಲ್ಲಿ ಲಿಂಗವಿತ್ತು, ಮಗನ ರಟ್ಟೆಯಲ್ಲಿ ದರ್ಗಾದ ತಾಯಿತವಿತ್ತು. ಎರಡಕ್ಕೂ ಜಗಳವೂ ಇರಲಿಲ್ಲ, ಎರಡೂ ಒಂದೇ ಅನ್ನುವ ಗೊಂದಲವೂ ಇರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿಗೆ ಇದ್ದ ವರ್ಗೀಕರಣದ ತಿಳಿವಳಿಕೆ ಬಣ್ಣದ ಕ್ಯಾಟಲಾಗುಗಳಿಗೆ ಇಲ್ಲ ಅಂದರೆ ವಿಚಾರ ಮಾಡಬೇಕಾದ್ದೇ.

3. ಮೂರು ಪುಸ್ತಕಗಳು

ಈ ವಿಷಯಕ್ಕೆ ನಾವು ಮತ್ತೆ ಮತ್ತೆ ತೆಗೆದು ನೋಡುವ ಮೂರು ಪುಸ್ತಕಗಳನ್ನು ಇಲ್ಲಿ ಪಕ್ಕಪಕ್ಕ ಇಡ್ತೇನೆ.

ಒಂದು, ಎಡ್ಗರ್ ಥರ್ಸ್ಟನ್ 1912ರಲ್ಲಿ ಪ್ರಕಟಿಸಿದ ‘ಓಮೆನ್ಸ್ ಆ್ಯಂಡ್ ಸೂಪರ್‌ಸ್ಟಿಷನ್ಸ್ ಆಫ್ ಸದರ್ನ್ ಇಂಡಿಯಾ’. ಥರ್ಸ್ಟನ್ 1885ರಿಂದ 1908ರವರೆಗೆ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದವರು. ಶಕುನ, ಮಾಟ, ತಾಯಿತ ಎಲ್ಲ ಅದರಲ್ಲಿ ಬರುತ್ತವೆ. ಯಾವ ಜಾತಿಯವರು, ಯಾವ ಕಡೆಯವರು ಎಂಬ ವಿವರ ಕೊಡುವುದು ಅದರ ದೊಡ್ಡ ಗುಣ. ಆದರೆ ಪುಸ್ತಕದ ಹೆಸರೇ ಮೊದಲು ತೀರ್ಪು ಕೊಟ್ಟುಬಿಟ್ಟಿದೆ: ಇವು ಮೂಢನಂಬಿಕೆಗಳು. ಕಟ್ಟಿಕೊಂಡವರು ಅಲ್ಲಿ ಉದಾಹರಣೆಗಳಾಗಿ ಬರುತ್ತಾರೆ, ಕಾರಣ ಹೇಳುವವರಾಗಿ ಬರುವುದು ಕಡಿಮೆ.

ಎರಡು, 1997ರಲ್ಲಿ ಬಂದ ಆಪ್ಪಿ ಅಂಟ್ರಾಕ್ಟ್ ಅವರ ‘ಟ್ರೆಡಿಷನಲ್ ಜ್ಯುವೆಲ್ರಿ ಆಫ್ ಇಂಡಿಯಾ’. ಬೀಜ, ಎಲುಬು, ಉಗುರುಗಳ ಒಡವೆಯಿಂದ ಹಿಡಿದು ಮೊಗಲರ ರತ್ನದ ಕೆಲಸದ ತನಕ ಹರಡಿದ ದೊಡ್ಡ ಪುಸ್ತಕ. ಬರೆದವರು ಸ್ವತಃ ಲೋಹದ ಕೆಲಸ ಬಲ್ಲವರು. ಒಡವೆಯನ್ನು ಹೇಗೆ ಮಾಡಿದ್ದಾರೆ ಅಂತ ನೋಡುವ ಕಣ್ಣು ಅವರಿಗಿದೆ, ಅದು ನನಗೆ ತುಂಬ ಕಲಿಸಿದೆ. ಇಲ್ಲಿ ತಿರಸ್ಕಾರ ಇಲ್ಲ, ಮೆಚ್ಚುಗೆ ಇದೆ. ಆದರೆ ಮೆಚ್ಚುಗೆಯೂ ಬಹುಪಾಲು ಮಾಡಿದವನ ಕೈಗೇ ಸಲ್ಲುತ್ತದೆ. ಆಯಿಯ ತಾಯಿತದಂಥ ಕುಸುರಿ ಇಲ್ಲದ ಸಪಾಟು ಕೊಳವೆಗೆ ಅಂಥ ಪುಸ್ತಕದಲ್ಲಿ ಜಾಗ ಸಿಗುವುದು ಕಷ್ಟ. ಹಳ್ಳಿಯ ಪತ್ತಾರ ಮಾಡಿದ ತಾಯಿತಗಳು ಬಹಳಷ್ಟು ಹೀಗೇ ಇರ್ತಾವ, ಏನೂ ಚೆಂದ ಇರೂದಿಲ್ಲ.

ಮೂರು, ನಮ್ಮ ನಾಡಿನದಲ್ಲ, ಆದರೆ ವಿಧಾನಕ್ಕಾಗಿ ಹೇಳ್ತೇನೆ. ಎಡ್ವರ್ಡ್ ಲವೆಟ್ ಅಂತ ಲಂಡನ್ನಿನಲ್ಲಿ ಬ್ಯಾಂಕ್ ನೌಕರಿ ಮಾಡಿಕೊಂಡಿದ್ದವರು. ಬಿಡುವಿನ ಹೊತ್ತಿನಲ್ಲಿ ಬಡವರ ಬೀದಿಗಳಲ್ಲಿ ತಿರುಗಿ, ತಳ್ಳುಗಾಡಿಯವರಿಂದ, ಸಣ್ಣ ಅಂಗಡಿಯವರಿಂದ ತಾಯಿತಗಳನ್ನು ಕೂಡಿಸಿದರು. 1925ರಲ್ಲಿ ‘ಮ್ಯಾಜಿಕ್ ಇನ್ ಮಾಡರ್ನ್ ಲಂಡನ್’ ಎಂಬ ಪುಸ್ತಕ ಬರೆದರು. ಮಕ್ಕಳಿಗೆ ಎದೆಯ ನೆಗಡಿ, ಬ್ರಾಂಕೈಟಿಸ್ ಬಾರದಿರಲಿ ಅಂತ ಕೊರಳಿಗೆ ನೀಲಿ ಗಾಜಿನ ಮಣಿಸರ ಹಾಕುವುದನ್ನು ಅವರು ಲಂಡನ್ನಿನ ಬಡಾವಣೆ ಬಡಾವಣೆ ತಿರುಗಿ ವಿಚಾರಿಸಿದರು. ಅಗ್ಗದ ಮಣಿಸರ, ಲೋಹದ ಬೆಲೆ ಏನೂ ಇಲ್ಲ. ಅವರು ಕೂಡಿಸಿದ್ದು ಮಣಿಯನ್ನಷ್ಟೇ ಅಲ್ಲ, ಅದನ್ನು ಯಾಕೆ ಹಾಕ್ತೀರಿ ಎಂಬ ಪ್ರಶ್ನೆಯ ಉತ್ತರವನ್ನೂ. ಅವರ ವಿವರಣೆಗಳೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮಲ್ಲಿ ಕೂಸಿನ ಕೈಗೆ ಬಜೆ ಬೇರಿನ ಮಣಿ ಕಟ್ಟುವವರನ್ನು ಯಾವ ಸಂಗ್ರಾಹಕ ಹೀಗೆ ಮನೆ ಮನೆ ತಿರುಗಿ ಕೇಳಿದ್ದಾನೆ? ಬಜೆ ಮಣಿಗೆ ಬೆಲೆ ಇಲ್ಲ, ಅದಕ್ಕೇ ಅದು ಸಂಗ್ರಹಕ್ಕೂ ಬರುವುದಿಲ್ಲ. ಬೆಳ್ಳಿಯದು ಉಳಿಯುತ್ತದೆ, ಬೇರಿನದು ಒಣಗಿ ಹೋಗುತ್ತದೆ. ಆಮೇಲೆ ನಾವು ಉಳಿದ ಬೆಳ್ಳಿಯನ್ನು ನೋಡಿ ‘ಇದು ಈ ಜನರ ಸಂಸ್ಕೃತಿ’ ಅಂತ ಬರೆಯುತ್ತೇವೆ. ಬೆಳ್ಳಿ ಮಾಡಿಸಲು ಆಗದವರು ಆ ಬರವಣಿಗೆಯಿಂದ ಹೊರಗೇ ಉಳಿದರು.

4. ವಯಸ್ಸು ಎಂಬ ಮೋಹ

ಸಂಗ್ರಾಹಕರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಎಷ್ಟು ಹಳೆಯದು? ಇದಕ್ಕೆ ಉತ್ತರ ಹುಡುಕುವ ರೀತಿಯಲ್ಲೇ ಎಷ್ಟು ತಪ್ಪಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ವಿಕ್ಟೋರಿಯಾ ರಾಣಿಯ ರೂಪಾಯಿಗೆ ಕೊಂಡಿ ಬೆಸೆದು ಮಾಡಿದ ಪದಕಗಳು ನಮ್ಮ ಕಡೆ ಬಹಳ ಸಿಗುತ್ತವೆ. ನಾಣ್ಯದ ಮೇಲೆ 1862 ಇದ್ದರೆ ಪದಕವೂ 1862ರದು ಅಂತ ಬೆಲೆ ಹೇಳುತ್ತಾರೆ. ಕೊಂಡಿ ಯಾವಾಗ ಬೆಸೆದರು ಎಂಬುದು ಬೇರೆ ಮಾತು, ಎಂಬತ್ತು ವರ್ಷ ಬಿಟ್ಟೂ ಬೆಸೆದಿರಬಹುದು. ಅಷ್ಟೇ ಅಲ್ಲ, 1862 ಎಂಬ ಇಸವಿಯನ್ನು ಬದಲಿಸದೆ ಟಂಕಸಾಲೆಗಳು 1874ರವರೆಗೂ ರೂಪಾಯಿ ಹೊಡೆದವು. ಅಂದರೆ ನಾಣ್ಯವೇ ತನ್ನ ವಯಸ್ಸನ್ನು ಸರಿಯಾಗಿ ಹೇಳುವುದಿಲ್ಲ.

ರೂಪಾಯಿಯ ಒಡವೆಗೆ ಬೇರೆಯ ಕಾರಣವೂ ಇದೆ. ಆ ರೂಪಾಯಿ ಒಂದು ತೊಲೆ, 11.66 ಗ್ರಾಂ. ಅದರಲ್ಲಿ ನೂರಕ್ಕೆ 91.7ರಷ್ಟು ಬೆಳ್ಳಿ. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ಹಳೆಯ ರೂಪಾಯಿ ಪತ್ತಾರನಿಗೂ ಬೇಕು, ಮನೆಯವರಿಗೂ ಬೇಕು. ರಾಣಿಯ ಮುಖ ಅದೃಷ್ಟ ತರುತ್ತದೆ ಅಂತ ಯಾರಾದರೂ ವಿವರಿಸಿದರೆ ನಾನು ಮೊದಲು ತಕ್ಕಡಿಯ ಕಡೆ ನೋಡಲು ಹೇಳ್ತೇನೆ.

ಹೊಸದನ್ನು ಗಂಧಕದಿಂದ ಕಪ್ಪು ಮಾಡಿ ಹಳೆಯದು ಅಂತ ಮಾರುವುದು, ಬೆಳ್ಳಿಯ ಹನಿಯೂ ಇಲ್ಲದ ಜರ್ಮನ್ ಸಿಲ್ವರನ್ನು ಬೆಳ್ಳಿ ಅಂತ ದಾಟಿಸುವುದು ಇವೆಲ್ಲ ಇದ್ದದ್ದೇ. ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು. ಕಪ್ಪು ಬಣ್ಣ ನೋಡಬೇಡಿ. ಕೊಂಡಿಯ ಒಳಭಾಗ ನೋಡಿ. ನಿಜವಾಗಿ ಕಟ್ಟಿಕೊಂಡ ತಾಯಿತದ ಕೊಂಡಿಯನ್ನು ದಾರ ವರ್ಷಗಟ್ಟಲೆ ಉಜ್ಜಿ ಸವೆಸಿರುತ್ತದೆ, ಸಣ್ಣ ತಗ್ಗು ಬಿದ್ದಿರುತ್ತದೆ. ಮೈಗೆ ತಾಗುವ ಬದಿ ನುಣ್ಣಗಾಗಿರುತ್ತದೆ, ಹೊರಬದಿಯ ಗೆರೆಗಳು ಉಳಿದಿರುತ್ತವೆ. ನಾವು ಕೊಳಕು ಅಂತ ಕತ್ತರಿಸಿ ಒಗೆಯುವ ದಾರವೇ ಬೆಳ್ಳಿಯ ಮೇಲೆ ಸಾಕ್ಷಿ ಬರೆದಿರುತ್ತದೆ. ನಮ್ಮ ಆಯಿಯ ತಾಯಿತದಲ್ಲಿ ಆ ತಗ್ಗು ಇದೆ. ದಾರ ಇಲ್ಲ.

5. ಖಾಲಿ ಕರಡಿಗೆ, ಬಿಡಿಬಿಡಿ ಮುತ್ತು

ಈಗ ಇನ್ನೆರಡು ವಸ್ತುಗಳು. ಮೊದಲನೆಯದು ಕರಡಿಗೆ. ನಮ್ಮ ಕಡೆ ಆಕಾರದ ಮೇಲೆ ಗುಂಡಗಡಗಿ, ಚೌಕ ಅಂತ ಬೇರೆ ಬೇರೆ ಹೆಸರುಗಳಿವೆ. ಸಜ್ಜೆ ಅನ್ನುವ ಮಾತೂ ಇದೆ. ಒಳಗೆ ಇಷ್ಟಲಿಂಗ, ಹೊರಗೆ ಬೆಳ್ಳಿ, ಶಿವದಾರದಿಂದ ಕೊರಳಿಗೆ. ಸೊನ್ನಲಿಗೆಯ ಸಿದ್ಧರಾಮರ ನೆಲ ಇದು, ಸೊಲ್ಲಾಪುರದ ಬೆಳ್ಳಿ ಅಂಗಡಿಗಳಲ್ಲಿ ಹಳೆಯ ಕರಡಿಗೆ ಕಾಣುವುದು ಸಹಜ. ಮಾರಾಟದ ಪಟ್ಟಿಯಲ್ಲಿ ‘ಖಾಲಿ’, ‘ಒಳವಸ್ತು ಇಲ್ಲ’ ಎಂದು ಒಂದು ಕೊರತೆಯಂತೆ ಬರೆಯುತ್ತಾರೆ. ಯಾಕೆ ಖಾಲಿ? ಲಿಂಗಾಯತರಲ್ಲಿ ತೀರಿಕೊಂಡವರನ್ನು ಹೂಳುತ್ತಾರೆ, ಇಷ್ಟಲಿಂಗ ಅವರ ಅಂಗೈಯಲ್ಲೇ ಮಣ್ಣಿಗೆ ಹೋಗುತ್ತದೆ. ಬೆಳ್ಳಿಯ ಕರಡಿಗೆ ಮನೆಯಲ್ಲಿ ಉಳಿಯುವುದುಂಟು. ಹಾಗಾಗಿ ಖಾಲಿ ಕರಡಿಗೆಯನ್ನು ಊನವಾದ ವಸ್ತು ಅನ್ನಲಾಗದು. ಅದರ ಖಾಲಿತನವೇ ಅದರ ಕತೆ: ಕಟ್ಟಿಕೊಂಡವರು ತಮ್ಮ ಲಿಂಗದೊಂದಿಗೆ ಹೋದರು. ಕೆಲವರು ಬೆಲೆ ಹೆಚ್ಚಲಿ ಅಂತ ಯಾವುದೋ ಹೊಸ ಲಿಂಗವನ್ನು ಒಳಗಿಟ್ಟು ‘ಸಂಪೂರ್ಣ’ ಅಂತ ಮಾರುತ್ತಾರೆ. ಅಂಥ ಒಂದನ್ನು ನಾನೂ ಕೊಂಡು ಮೋಸಹೋಗಿದ್ದೇನೆ. ಅಲ್ಲಿ ನಡೆದದ್ದು ಹಣದ ಮೋಸಕ್ಕಿಂತ ಹೆಚ್ಚಿನದು. ಒಬ್ಬರ ಸಾವನ್ನೇ ಮುಚ್ಚಿಹಾಕಿದ್ದರು.

ಎರಡನೆಯದು ಮುತ್ತು. ಕೆಂಪು ಬಿಳಿ ಮಣಿಗಳ ಸರ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದುದು ನಿಮಗೆಲ್ಲ ಗೊತ್ತು. ಕರ್ನಾಟಕದಲ್ಲಿ 1982ರ ಕಾಯ್ದೆ ಅದನ್ನು ನಿಷೇಧಿಸಿತು, ಮಹಾರಾಷ್ಟ್ರವೂ ಆಮೇಲೆ ತನ್ನದೇ ಕಾಯ್ದೆ ಮಾಡಿತು. ಜತ್ತ, ಅಕ್ಕಲಕೋಟದ ಕಡೆಯ ಹಳ್ಳಿಗಳಿಂದಲೂ ಜನ ಸವದತ್ತಿಗೆ ಹೋಗುತ್ತಾರೆ, ಗಡಿ ದೇವರಿಗೆ ಅಡ್ಡ ಬರೂದಿಲ್ಲ. ಮೂರು ವರ್ಷದ ಹಿಂದೆ ಹಳೆಯ ಸಾಮಾನು ಮಾರುವವರೊಬ್ಬರು ನನಗೆ ಒಂದು ಹಿಡಿ ಕೆಂಪು ಬಿಳಿ ಮಣಿ ತೋರಿಸಿದರು. “ಎಲ್ಲಮ್ಮನ ಸರ ಅದರಿ ಮೇಡಂ. ಲಕ್ಕಿ. ಫಾರಿನ್ನಿನವರು ಬ್ರೇಸ್‌ಲೆಟ್ ಮಾಡಸ್ತಾರ,” ಅಂದರು.

ಅದು ನಿಜವಾದ ಮುತ್ತೋ, ಜಾತ್ರೆಯ ಸಾದಾ ಮಣಿಯೋ, ಹೇಳಲಾಗಲಿಲ್ಲ. ನಿಜವಾದದ್ದಾಗಿದ್ದರೆ ಒಬ್ಬ ಹುಡುಗಿಯ ಬದುಕನ್ನು ಕಟ್ಟಿಹಾಕಿದ ಸರ ಇನ್ನೊಬ್ಬರ ಕೈಗೆ ಅದೃಷ್ಟವಾಗಿ ಹೋಗುತ್ತದೆ. ನಾನು ಕೊಳ್ಳಲಿಲ್ಲ. ಸರಿ ಮಾಡಿದೆನೇ ಅಂತ ಈಗಲೂ ಅನುಮಾನ ಇದೆ. ಕೊಂಡಿದ್ದರೆ ಆ ವ್ಯಾಪಾರಕ್ಕೆ ನಾನೂ ದುಡ್ಡು ಕೊಟ್ಟಂತಾಗುತ್ತಿತ್ತು. ಕೊಳ್ಳದ್ದರಿಂದ ಒಂದು ಸಾಕ್ಷಿ ಮಣಿಮಣಿಯಾಗಿ ಬಿಡಿಬಿಡಿಯಾಗಿ ಹೋಗಿರಬಹುದು. ಅದೃಷ್ಟದ ಒಡವೆ ಅನ್ನುವ ಹೆಸರು ಎಷ್ಟು ಅಪಾಯದ್ದು ಅಂತ ನನಗೆ ಅವತ್ತು ತಿಳಿಯಿತು. ಅದು ಅಂಜಿಕೆಯನ್ನಷ್ಟೇ ಅಲ್ಲ, ಅನ್ಯಾಯವನ್ನೂ ಚೆಂದದ ಸಾಮಾನು ಮಾಡಿಬಿಡುತ್ತದೆ.

6. ಚೀಟಿಯ ಮೇಲಿನ ಊರು

ಈಗ ಗಡಿಯ ಮಾತು. ಸಂಗ್ರಹದಲ್ಲಿ ಪ್ರತಿ ವಸ್ತುವಿಗೂ ಒಂದು ಚೀಟಿ ಅಂಟಿಸುತ್ತಾರೆ: ಯಾವ ಪ್ರದೇಶ, ಯಾವ ಕಾಲ. ‘ಬಳ್ಳಾರಿ, ಮದರಾಸ್ ಪ್ರಾಂತ್ಯ’ ಎಂದು ಬರೆದ ಹಳೆಯ ಚೀಟಿಯೊಂದನ್ನು ಊಹಿಸಿಕೊಳ್ಳಿ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಚೀಟಿಯಲ್ಲಿ ಹಳ್ಳಿಯ ಹೆಸರಿಲ್ಲದಿದ್ದರೆ ಆ ವಸ್ತು ಇವತ್ತಿನ ಯಾವ ಕಡೆಯದು? ಅಕ್ಕಲಕೋಟ 1948ರವರೆಗೆ ಸಂಸ್ಥಾನ, ಆಮೇಲೆ ಮುಂಬಯಿಗೆ ಸೇರಿತು, 1960ರಿಂದ ಮಹಾರಾಷ್ಟ್ರ ರಾಜ್ಯ. ನೂರು ವರ್ಷದ ಕರಡಿಗೆಗೆ ‘ಮಹಾರಾಷ್ಟ್ರ’ ಅಂತ ಒಂದೇ ಮಾತು ಬರೆದರೆ ಅದನ್ನು ಕಟ್ಟಿಕೊಂಡವರು ಯಾವ ಭಾಷೆಯಲ್ಲಿ ಶರಣು ಅಂದರು ಎಂಬುದು ಅಳಿಸಿಹೋಗುತ್ತದೆ.

ಇದನ್ನು ಕೇಳಿ ನಮ್ಮವರಿಗೆ ಥಟ್ಟನೆ ಸಿಟ್ಟು ಬರುತ್ತದೆ, ‘ಹಂಗಾದ್ರ ಕನ್ನಡದ್ದು ಅಂತ ಬರೀರಿ’ ಅಂತಾರೆ. ಅದೂ ಸರಿಯಲ್ಲ. ಆಯಿಯ ತಾಯಿತವನ್ನೇ ನೋಡಿ. ಮಾಡಿದ ಪತ್ತಾರ ಮನೆಯಲ್ಲಿ ಮರಾಠಿ ಆಡುವವನು. ಚೀಟಿ ಬರೆದವರು ದರ್ಗಾದವರು, ಉರ್ದು ಮಾತಿನವರು. ಕಟ್ಟಿದವಳು ಕನ್ನಡದವಳು. ಆಯಿ ಹೇಳುತ್ತಿದ್ದಳು, “ತಾಯಿ ಕಟ್ಟಿದ್ದಕ್ಕ ತಾಯಿತಾ ಅಂತಾರ.” ಭಾಷಾಶಾಸ್ತ್ರ ಬೇರೆ ಹೇಳುತ್ತದೆ: ಅರಬ್ಬಿಯ ತಾವೀಜು ಎಂಬ ಮಾತೇ ನಮ್ಮಲ್ಲಿ ತಾಯಿತ, ಮರಾಠಿಯಲ್ಲಿ ತಾಈತ, ತೆಲುಗಿನಲ್ಲಿ ತಾಯೆತ್ತು, ತಮಿಳಿನಲ್ಲಿ ತಾಯತ್ತು ಆಯಿತು. ಸೊಲ್ಲಾಪುರದಿಂದ ಆದೋನಿ, ಅಲ್ಲಿಂದ ಹೊಸೂರು, ತಾಳವಾಡಿಯ ತನಕ ಗಡಿಯ ಎರಡೂ ಬದಿಗೆ ಒಂದೇ ಮಾತು ರೂಪ ಬದಲಿಸಿಕೊಂಡು ಓಡಾಡಿದೆ. ಆಯಿಯ ವ್ಯುತ್ಪತ್ತಿ ತಪ್ಪಿರಬಹುದು, ಅವಳ ಅನುಭವ ತಪ್ಪಲ್ಲ. ನಾನು ಎರಡನ್ನೂ ಬರೆದಿಡ್ತೇನೆ.

ಆದ್ದರಿಂದ ನನ್ನ ಸೂಚನೆ ಸರಳವಾದದ್ದು. ಚೀಟಿಯಲ್ಲಿ ಒಂದು ಊರಿನ ಬದಲು ಮೂರು ಸಾಲು ಇರಲಿ: ಮಾಡಿದವರು ಯಾರು, ಒಳಗೆ ತುಂಬಿಕೊಟ್ಟವರು ಯಾರು, ಕಟ್ಟಿಕೊಂಡವರು ಯಾರು. ಅವರವರು ಅದಕ್ಕೆ ಏನಂತ ಕರೆದರು ಎಂಬುದನ್ನು ಅವರವರ ಮಾತಿನಲ್ಲೇ ಬರೆಯಬೇಕು. ಗೊತ್ತಿಲ್ಲದ ಸಾಲನ್ನು ಖಾಲಿ ಬಿಡಬೇಕು, ಊಹಿಸಿ ತುಂಬಬಾರದು.

7. ಕಾನೂನು ಹೇಳುವುದು

ಸಂಗ್ರಹಿಸುವ ಆಸೆ ಇರುವವರಿಗೆ ಎರಡು ಕಾನೂನುಗಳ ನೆನಪು ಮಾಡ್ತೇನೆ. ಎರಡೂ 1972ರವು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹುಲಿಯುಗುರಿನ ಪದಕ ಮಾರುವುದು, ಕೊಳ್ಳುವುದು ಅಪರಾಧ. ‘ಅಜ್ಜನ ಕಾಲದ್ದು’ ಅನ್ನುವ ಮಾತು ಸಾಲದು, ಮಾಲೀಕತ್ವದ ಪ್ರಮಾಣಪತ್ರ ಇರಬೇಕು. 2023ರಲ್ಲಿ ಕರ್ನಾಟಕದಲ್ಲಿ ಇದು ಎಷ್ಟು ದೊಡ್ಡ ಸುದ್ದಿಯಾಯಿತು ಅಂತ ನಿಮಗೆ ನೆನಪಿದೆ. ನನ್ನ 64ರಲ್ಲಿ ಹುಲಿಯುಗುರು ಒಂದೂ ಇಲ್ಲ, ಇರಲೂಬಾರದು.

ಇನ್ನೊಂದು ಪುರಾವಸ್ತು ಮತ್ತು ಕಲಾನಿಧಿಗಳ ಕಾಯ್ದೆ. ನೂರು ವರ್ಷ ದಾಟಿದ್ದು ಪುರಾವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಅದರಲ್ಲಿ ಒಂದು ಸ್ವಾರಸ್ಯ ಇದೆ. ಶಾಸ್ತ್ರ, ಇತಿಹಾಸ, ಸಾಹಿತ್ಯದ ಬೆಲೆ ಇರುವ ಹಸ್ತಪ್ರತಿ, ದಾಖಲೆಗಳಿಗೆ ನೂರು ವರ್ಷ ಬೇಕಿಲ್ಲ, 75 ಸಾಕು. ಅಂದರೆ ಕವಚಕ್ಕಿಂತ 25 ವರ್ಷ ಮೊದಲೇ ಬರಹಕ್ಕೆ ಮಾನ್ಯತೆ. ನಾನು ಬಚ್ಚಲಲ್ಲಿ ಸುರುವಿದ ಚೀಟಿ ಆ ಲೆಕ್ಕಕ್ಕೆ ಬರುತ್ತಿತ್ತು ಅಂತ ಹೇಳ್ತಿಲ್ಲ. ಆದರೆ ಕಾನೂನು ಮಾಡಿದವರಿಗೂ ಹೊಳೆದ ಈ ಮಾತು ಬೆಳ್ಳಿ ತೂಗುವ ನಮಗೆ ಹೊಳೆಯಲಿಲ್ಲ.

ಆಯಿ ಈಗಿಲ್ಲ. ಅವಳ ತಾಯಿತಕ್ಕೆ ನಾನು ಬರೆದ ಚೀಟಿ ಹೀಗಿದೆ: ‘ಬೆಳ್ಳಿ, 9 ಗ್ರಾಂ. ಒಳಗೆ: ಕಾಗದ, ಬೂದಿ, ಬೇರು ಇದ್ದವು. ನಾನು ಚೆಲ್ಲಿದೆ. ದಾರ: ಕರಿಯದು, ನಾನು ಕತ್ತರಿಸಿದೆ. ಕಟ್ಟಿಕೊಂಡವರು: ನನ್ನ ತಂದೆ. ಕಟ್ಟಿದವರು: ಅವರ ತಾಯಿ.’

ಚರ್ಚೆ

ಕಾಸರಗೋಡಿನ ಸಂಶೋಧನ ವಿದ್ಯಾರ್ಥಿಯೊಬ್ಬರು: ನಮ್ಮಲ್ಲಿ ಏಲಸ್ಸು ಅಂತಾರೆ, ಸೊಂಟಕ್ಕೆ ಕಟ್ಟುವುದು. ಹುಲಿಯುಗುರಿನ ಆಕಾರದಲ್ಲಿ ಚಿನ್ನದ ಪುಲಿನಖ ಮಾಲೆಯೂ ಇದೆ. ಅದನ್ನು ಈಗ ಬರೀ ಫ್ಯಾಷನ್ನಿಗೆ ಹಾಕಿಕೊಳ್ತಾರೆ. ಅದೂ ನಿಮ್ಮ ಲೆಕ್ಕಕ್ಕೆ ಬರ್ತದೆಯೇ?

ಬರ್ತದೆ. ಉಗುರು ಹೋಗಿ ಆಕಾರ ಉಳಿದಿದೆ, ಹುಲಿಗೂ ಒಳ್ಳೆಯದಾಯಿತು. ಜನ ತಾವೇ ಅರ್ಥ ಬದಲಿಸಿಕೊಂಡರೆ ನನ್ನದೇನೂ ತಕರಾರಿಲ್ಲ. ಕಟ್ಟಿಕೊಂಡವರನ್ನು ಕೇಳದೆ ಬೇರೆಯವರು ಬದಲಿಸುವುದಕ್ಕೆ ನನ್ನ ತಕರಾರು. ಏಲಸ್ಸಿನ ಮಾತು ನನ್ನ ಪಟ್ಟಿಯ ದಾರಿಗಿಂತ ಬೇರೆ ಕಡೆಯಿಂದ ಬಂದಿದೆ, ದಯವಿಟ್ಟು ಅದನ್ನು ನೀವೇ ಬರೆಯಿರಿ.

ಅಧ್ಯಾಪಕರೊಬ್ಬರು: ಮಹಾರಾಷ್ಟ್ರದಲ್ಲಿ 2013ರಿಂದ ಮಾಟಮಂತ್ರ ವಿರೋಧಿ ಕಾಯ್ದೆ ಇದೆ. ತಾಯಿತಕ್ಕೆ ಇಷ್ಟು ಮರ್ಯಾದೆ ಕೊಟ್ಟರೆ ಮೂಢನಂಬಿಕೆಗೆ ಬೆಂಬಲ ಕೊಟ್ಟ ಹಾಗಾಗುವುದಿಲ್ಲವೇ?

ಸರ್, ಕೂಸಿಗೆ ಜ್ವರ ಬಂದರೆ ದವಾಖಾನೆಗೇ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ತಾಯಿತದಿಂದ ಅಪ್ಪ ಬದುಕಿದ ಅಂತ ನಾನು ನಂಬುವುದಿಲ್ಲ. ಆದರೆ ಆ ಕಾಲದಲ್ಲಿ ನಮ್ಮೂರಿನಿಂದ ದವಾಖಾನೆ ಎಷ್ಟು ದೂರ ಇತ್ತು, ಎರಡು ಕೂಸು ಯಾಕೆ ಹೋದವು ಅನ್ನುವ ಪ್ರಶ್ನೆಗೂ ಆ ತಾಯಿತವೇ ದಾರಿ ತೋರಿಸುತ್ತದೆ. ‘ಮೂಢನಂಬಿಕೆ’ ಅಂದು ಮುಚ್ಚಿದರೂ ಆ ಪ್ರಶ್ನೆ ಹೋಗುತ್ತದೆ, ‘ಲಕ್ಕಿ’ ಅಂದು ಮಾರಿದರೂ ಹೋಗುತ್ತದೆ.

ವಿದ್ಯಾರ್ಥಿನಿಯೊಬ್ಬರು: ಮೇಡಂ, ನಮ್ಮ ಮನೆಯಲ್ಲೂ ಅಂಥದ್ದೊಂದು ಇದೆ, ಎರಡೂ ಕಡೆ ಅರಗು ಹಾಕಿ ಮುಚ್ಚಿದ್ದು. ತೆರೆಯಬಹುದೇ?

ತೆರೆಯಬೇಡಮ್ಮ. ತೊಳೆಯಲೂಬೇಡ. ದಾರದ ಸಮೇತ ಫೋಟೋ ತೆಗಿ, ತೂಕ ಬರೆದಿಡು, ಕಿವಿ ಹತ್ತಿರ ಅಲ್ಲಾಡಿಸಿ ಏನು ಕೇಳಿಸ್ತದೆ ಅದನ್ನೂ ಬರಿ. ಆಮೇಲೆ ಮನೆಯಲ್ಲಿ ಹಿರಿಯರು ಇದ್ದರೆ ಈ ರಜೆಯಲ್ಲೇ ಹೋಗಿ ಕೇಳು: ಯಾರಿಗೆ ಕಟ್ಟಿದ್ದು, ಯಾಕೆ ಕಟ್ಟಿದ್ದು, ಯಾರು ತುಂಬಿಕೊಟ್ಟರು. ಅವರು ಹೇಳಿದ ಮಾತನ್ನು ತಿದ್ದದೆ ಬರೆದುಕೋ. ತೆರೆಯುವ ವಿಚಾರ ಆಮೇಲೆ ನೋಡೋಣ.

ಸಮಯ ಮೀರಿತು ಅಂತ ಕಾಣಿಸ್ತದೆ. ಕರೆಂಟ್ ಹೋಗಲಿಲ್ಲ, ಅದೇ ದೊಡ್ಡದು. ಎಲ್ಲರಿಗೂ ಶರಣು.